ಹೊರನಾಡಿನ ಸಾರ್ವಜನಿಕ ಗ್ರಂಥಾಲಯಗಳು ಮತ್ತು ಕನ್ನಡ ಅಧ್ಯಯನ: ನಿಯತಕಾಲಿಕೆ ಹಾಗೂ ಸಾಕ್ಷ್ಯಚಿತ್ರಗಳ ನೆಲೆಯಿಂದ

1

ಸಾಹಿತ್ಯದ ಅಧ್ಯಯನವೆಂದರೆ ಪುಸ್ತಕಗಳ ಅಧ್ಯಯನವೆಂಬ ತಿಳಿವಳಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಸಮಗ್ರ ಸಂಪುಟಗಳು ಕೈಗೆ ಸಿಗುವ ಈ ಕಾಲದಲ್ಲಿ ಅದು ಸಹಜವೂ ಹೌದು. ಆದರೆ ಆಧುನಿಕ ಕನ್ನಡ ಸಾಹಿತ್ಯದ ಬಹುಭಾಗ ಮೊದಲು ಬೆಳಕು ಕಂಡದ್ದು ಪುಸ್ತಕರೂಪದಲ್ಲಲ್ಲ, ಪತ್ರಿಕೆಗಳ ಪುಟಗಳಲ್ಲಿ. ಪ್ರಾಚೀನ ಕಾವ್ಯಗಳ ಮುದ್ರಣಕ್ಕೂ ಈ ಮಾತು ಒಂದು ಮಟ್ಟಿಗೆ ಸಲ್ಲುತ್ತದೆ. 1892ರಲ್ಲಿ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ ಮತ್ತು ಎಸ್. ಜಿ. ನರಸಿಂಹಾಚಾರ್ಯರು ಆರಂಭಿಸಿದ 'ಕರ್ನಾಟಕ ಕಾವ್ಯಮಂಜರಿ' ಹಳಗನ್ನಡ ಕೃತಿಗಳನ್ನು ತಿಂಗಳು ತಿಂಗಳು ಓದುಗರಿಗೆ ಒದಗಿಸಿದ ನಿಯತಕಾಲಿಕೆ. ಆದುದರಿಂದ ಪತ್ರಿಕೆಯನ್ನು ಪುಸ್ತಕದ ಕಿರಿಯ ಬಂಧುವೆಂದು ಕಾಣುವುದು ಚಾರಿತ್ರಿಕವಾಗಿ ಸರಿಯಲ್ಲ.

ಈ ಪತ್ರಿಕೆಗಳು ಇಂದು ಎಲ್ಲಿವೆ? ಅವುಗಳನ್ನು ಹೇಗೆ ಓದಬೇಕು? ಅವುಗಳ ಉಳಿವಿನಲ್ಲಿ ಅಭ್ಯಾಸಿಯ ಪಾತ್ರವೇನು? ಈ ಮೂರು ಪ್ರಶ್ನೆಗಳನ್ನು ಹೊರನಾಡಿನ ಸಾರ್ವಜನಿಕ ಗ್ರಂಥಾಲಯಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದರೊಂದಿಗೆ, ಗ್ರಂಥಾಲಯದ ಮತ್ತೊಂದು ಸಾಮಗ್ರಿಯಾದ ಸಾಕ್ಷ್ಯಚಿತ್ರವನ್ನು ಕನ್ನಡದ ಅಭ್ಯಾಸಿ ಹೇಗೆ ಬಳಸಿಕೊಳ್ಳಬಹುದೆಂಬುದನ್ನೂ ಸೂಚಿಸಲಾಗುವುದು.

2

'ಹೊರನಾಡು' ಎಂಬ ಪದ ನಮಗೆ ಬಳಕೆಯದಾದರೂ ಗ್ರಂಥಾಲಯಗಳ ವಿಷಯದಲ್ಲಿ ಅದು ದಾರಿ ತಪ್ಪಿಸುವಂಥದು. 1956ರ ಏಕೀಕರಣದವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ದಕ್ಷಿಣ ಕನ್ನಡಕ್ಕೆ ಮದರಾಸು ರಾಜಧಾನಿ; ಬಳ್ಳಾರಿ 1953ರವರೆಗೂ ಅಲ್ಲಿಯದೇ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಗೆ ಹೈದರಾಬಾದು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಗಳು ಸರಕಾರಕ್ಕೆ ಸಲ್ಲಬೇಕಿತ್ತು. ಮಂಗಳೂರಿನ ಅಚ್ಚುಕೂಟದ ಲೆಕ್ಕ ಮದರಾಸಿಗೆ, ಧಾರವಾಡದ್ದು ಮುಂಬಯಿಗೆ ಹೋಗುತ್ತಿತ್ತು. ಈ ದೃಷ್ಟಿಯಿಂದ ಮುಂಬಯಿ, ಚೆನ್ನೈ, ಹೈದರಾಬಾದುಗಳ ಹಳೆಯ ಗ್ರಂಥಾಲಯಗಳಲ್ಲಿ ಕನ್ನಡವು ಅತಿಥಿಯಲ್ಲ. ಒಂದು ಕಾಲದ ಮನೆಯವಳೇ.

ಈ ನಗರಗಳ ಗ್ರಂಥಾಲಯ ಪರಂಪರೆಯೂ ದೀರ್ಘವಾದುದು. 1804ರಲ್ಲಿ ಸ್ಥಾಪಿತವಾದ ಸಾಹಿತ್ಯ ಸಂಸ್ಥೆಯೊಂದು ಮುಂದೆ ಮುಂಬಯಿಯ ಏಷಿಯಾಟಿಕ್ ಸೊಸೈಟಿಯಾಗಿ ಬೆಳೆಯಿತು. ಪುಣೆಯ ನಗರ ವಾಚನ ಮಂದಿರ 1848ರದು. ಹೈದರಾಬಾದಿನ ಆಸಫಿಯಾ ಗ್ರಂಥಾಲಯ 1891ರಲ್ಲಿಯೂ ಮದರಾಸಿನ ಕನ್ನಿಮರ ಗ್ರಂಥಾಲಯ 1896ರಲ್ಲಿಯೂ ತೆರೆದವು. ದೆಹಲಿ ಪಬ್ಲಿಕ್ ಲೈಬ್ರರಿ ಯುನೆಸ್ಕೋದ ನೆರವಿನ ಪ್ರಾಯೋಗಿಕ ಯೋಜನೆಯಾಗಿ 1951ರಲ್ಲಿ ಉದ್ಘಾಟನೆಗೊಂಡಿತು. 1954ರ ಪುಸ್ತಕ ಸಲ್ಲಿಕೆ ಕಾಯಿದೆ ಪ್ರಕಾಶಕರು ತಮ್ಮ ಪ್ರಕಟಣೆಯ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಯೋಜಿತ ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಸಲ್ಲಿಸಬೇಕೆಂದು ವಿಧಿಸಿತು. 1956ರ ತಿದ್ದುಪಡಿ ವೃತ್ತಪತ್ರಿಕೆ, ನಿಯತಕಾಲಿಕೆಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಎಲ್ಲ ಪ್ರಕಾಶಕರೂ ಈ ನಿಯಮವನ್ನು ಪಾಲಿಸಿದರೆಂದು ಹೇಳುವಂತಿಲ್ಲ. ಆದರೂ ಕನ್ನಡ ಪತ್ರಿಕೆಯೊಂದರ ಸಂಚಿಕೆಯನ್ನು ಅರಸುವವನು ಬೆಂಗಳೂರು, ಮೈಸೂರು, ಧಾರವಾಡಗಳ ಜೊತೆಗೆ ಈ ನಾಲ್ಕು ನಗರಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕಾದುದು ಶಾಸ್ತ್ರೀಯ ಅಗತ್ಯ.

ಮಹಾರಾಷ್ಟ್ರದ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. 1948ರ ಮದರಾಸು ಕಾಯಿದೆ ಹಾಗೂ ಅದನ್ನು ಅನುಸರಿಸಿ ಬಂದ ಕರ್ನಾಟಕದ 1965ರ ಕಾಯಿದೆ ಗ್ರಂಥಾಲಯ ಕರವನ್ನು ಆಧರಿಸಿದವು. 1967ರ ಮಹಾರಾಷ್ಟ್ರ ಕಾಯಿದೆಯಲ್ಲಿ ಕರವಿಲ್ಲ. ಜನರೇ ಕಟ್ಟಿದ ಗ್ರಂಥಾಲಯಗಳಿಗೆ ಸರಕಾರ ಅನುದಾನ ನೀಡುವುದೇ ಅಲ್ಲಿಯ ಪದ್ಧತಿ. ಮುಂಬಯಿ, ಪುಣೆಗಳ ಕನ್ನಡಿಗರು ಸಂಘಗಳ ಆಶ್ರಯದಲ್ಲಿ ವಾಚನಾಲಯಗಳನ್ನು ಬೆಳೆಸಿದುದನ್ನು ಈ ಜನಪರಂಪರೆಯ ಭಾಗವಾಗಿಯೇ ನೋಡಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಮಂದಿಗೆ ಊರಿನ ಸುದ್ದಿಯೂ ಹೊಸ ಕಥೆಯೂ ಒಟ್ಟಿಗೆ ದೊರೆತದ್ದು ಇಂಥ ವಾಚನಾಲಯಗಳ ಮೇಜಿನ ಮೇಲೆ.

3

ಪತ್ರಿಕೆಯ ಸಂಪುಟವನ್ನು ಎರವಲು ಪಡೆದ ವಿದ್ಯಾರ್ಥಿ ಸಾಮಾನ್ಯವಾಗಿ ಮಾಡುವುದೇನು? ತನಗೆ ಬೇಕಾದ ಲೇಖನದ ಪುಟಗಳನ್ನು ನಕಲು ಮಾಡಿಸಿ ಸಂಪುಟವನ್ನು ಹಿಂತಿರುಗಿಸುತ್ತಾನೆ. ಇದು ಪತ್ರಿಕೆಯನ್ನು ಪುಸ್ತಕದಂತೆ ಓದುವ ಕ್ರಮ. ಪತ್ರಿಕೆಯ ನಿಜವಾದ ಸಂಪತ್ತು ಲೇಖನದ ಸುತ್ತಲಿನ ಆವರಣದಲ್ಲಿದೆ. ಸಂಪಾದಕರ ಟಿಪ್ಪಣಿ, ಓದುಗರ ಪತ್ರ, ಪುಸ್ತಕ ಸ್ವೀಕಾರದ ಪಟ್ಟಿ, ಚಂದಾ ಬಾಕಿಯ ಬಗೆಗಿನ ವಿನಂತಿ, ಕೊನೆಯ ಪುಟದ ಜಾಹೀರಾತು ಇವೆಲ್ಲವೂ ಸಾಹಿತ್ಯದ ಸಾಮಾಜಿಕ ಇತಿಹಾಸಕ್ಕೆ ಆಕರಗಳೇ. ಒಂದು ಕವಿತೆಯನ್ನು ಯಾರು, ಎಲ್ಲಿ, ಯಾವ ಬೆಲೆ ತೆತ್ತು ಓದಿದರು ಎಂಬುದನ್ನು ಕವನಸಂಕಲನ ಹೇಳಲಾರದು, ಪತ್ರಿಕೆ ಹೇಳುತ್ತದೆ.

1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪಾಕ್ಷಿಕ. ಮರುವರ್ಷ ಅದು ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ' ಎಂಬ ಹೆಸರು ತಳೆಯಿತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದ ಈ ಬದಲಾವಣೆ ಗಮನಾರ್ಹ: ಓದುಗ ಸಮುದಾಯವನ್ನು ನುಡಿಯ ಮೂಲಕ ಗುರುತಿಸುವ ಹೆಜ್ಜೆ ಒಂದು ಶೀರ್ಷಿಕೆಯಲ್ಲಿಯೇ ಕಾಣುತ್ತದೆ. ಕರ್ನಾಟಕ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' (1896), ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಹೊರಟ 'ಪ್ರಬುದ್ಧ ಕರ್ಣಾಟಕ' (1919), ಆಲೂರು ವೆಂಕಟರಾಯರು 1920ರ ದಶಕದಲ್ಲಿ ಆರಂಭಿಸಿದ 'ಜಯಕರ್ನಾಟಕ' ಇವುಗಳನ್ನು ಸಾಲಾಗಿ ಇಟ್ಟು ಶೀರ್ಷಿಕೆಗಳನ್ನಷ್ಟೇ ಗಮನಿಸಿದರೂ ಭಾಷೆಯಿಂದ ನಾಡಿನತ್ತ ಸಾಗಿದ ಆಶಯದ ಜಾಡು ಸಿಗುತ್ತದೆ.

ಕಾಲನಿರ್ಣಯದ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ಸಂಚಿಕೆಗಳಲ್ಲಿ ಅನೇಕ ವೇಳೆ ಸಂವತ್ಸರ ಮತ್ತು ಮಾಸಗಳ ಹೆಸರಷ್ಟೇ ಇರುತ್ತದೆ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ ದೊರೆಯುತ್ತದೆಂಬುದು ಎಲ್ಲರೂ ಬಲ್ಲ ಸೂತ್ರ. ಆದರೆ ಸಂವತ್ಸರವು ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಮಾಘ, ಫಾಲ್ಗುಣ ಮಾಸಗಳು ಮುಂದಿನ ಇಸವಿಗೆ ಸೇರುತ್ತವೆ. ಅಲ್ಲಿ 79 ಕೂಡಿಸಬೇಕು. ಪುಷ್ಯಮಾಸವು ಎರಡು ಇಸವಿಗಳ ನಡುವೆ ಹಂಚಿಹೋಗಬಹುದು. ಉದಾಹರಣೆಗೆ ಶಕ 1849 ಪ್ರಭವ ಸಂವತ್ಸರದ ಮಾಘಮಾಸದ ಸಂಚಿಕೆ 1928ರ ಆರಂಭದ್ದೇ ಹೊರತು 1927ರದಲ್ಲ. ಸಂವತ್ಸರಗಳ ಚಕ್ರ ಅರವತ್ತು ವರ್ಷಗಳದಾದ್ದರಿಂದ ಶಕವರ್ಷದ ಉಲ್ಲೇಖವಿಲ್ಲದೆ ಬರಿಯ 'ಪ್ರಭವ' ಎಂದಿದ್ದರೆ 1867, 1927, 1987 ಈ ಮೂರರಲ್ಲಿ ಯಾವುದೆಂದು ಕಾಗದ, ಅಚ್ಚಿನ ಮೊಳೆ, ಜಾಹೀರಾತುಗಳಿಂದ ನಿರ್ಧರಿಸಬೇಕಾಗುತ್ತದೆ. ಒಂದು ಕವಿತೆ ಮತ್ತೊಂದಕ್ಕಿಂತ ಮೊದಲು ಪ್ರಕಟವಾಯಿತೇ ಎಂಬ ಚರ್ಚೆಯಲ್ಲಿ ಈ ಮೂರು ತಿಂಗಳ ಅಂತರ ತೀರ್ಮಾನವನ್ನೇ ತಲೆಕೆಳಗು ಮಾಡಬಲ್ಲುದು. ಆದ್ದರಿಂದ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಅಚ್ಚಾದ ರೂಪದಲ್ಲಿಯೇ ತಿಂಗಳು, ಪುಟ, ಪ್ರತಿ ದೊರೆತ ಗ್ರಂಥಾಲಯ ಈ ಆರನ್ನೂ ಬರೆದುಕೊಳ್ಳದೆ ಸಂಪುಟವನ್ನು ಮರಳಿಸಬಾರದು.

4

ಗ್ರಂಥಾಲಯದಲ್ಲಿ ಚಲಚ್ಚಿತ್ರಕ್ಕೇನು ಕೆಲಸವೆಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಈ ಸಂಬಂಧ ಹೊಸದಲ್ಲ. ಬಡೋದೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ವಿಲಿಯಂ ಆಲನ್ಸನ್ ಬೋರ್ಡನ್ ಅವರನ್ನು ಕರೆಸಿ ರಾಜ್ಯದಾದ್ಯಂತ ಗ್ರಂಥಾಲಯ ವ್ಯವಸ್ಥೆಯನ್ನು ಕಟ್ಟಿಸಿದಾಗ, ಪುಸ್ತಕಗಳ ಪೆಟ್ಟಿಗೆಗಳು ಹಳ್ಳಿ ಸುತ್ತುತ್ತಿದ್ದವು. ಓದು ಬಾರದವರಿಗಾಗಿ ಚಿತ್ರಗಳ ಮೂಲಕ ಬೋಧಿಸುವ ಒಂದು ಶಾಖೆಯೇ ಅಲ್ಲಿತ್ತು. ಅಕ್ಷರ ಬಲ್ಲವರಿಗೆ ಮಾತ್ರವಲ್ಲದೆ ಎಲ್ಲರಿಗೂ ಗ್ರಂಥಾಲಯವೆಂಬ ತತ್ತ್ವ ಇದರ ಹಿಂದಿದೆ.

1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ಹಲವು ದಶಕಗಳ ಕಾಲ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಮಂದಿರಗಳಿಗೆ ಒದಗಿಸಿತು. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಫಿಲ್ಮ್ ಸೊಸೈಟಿಗಳಿಗೂ ವಿದ್ಯಾಸಂಸ್ಥೆಗಳಿಗೂ ಚಿತ್ರಗಳನ್ನು ಎರವಲಾಗಿ ಕಳುಹಿಸುತ್ತಿತ್ತು. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ ನಡೆಸಿದ ಚಲಚ್ಚಿತ್ರ ರಸಗ್ರಹಣ ಶಿಬಿರಗಳಿಗೆ ಪುಣೆಯ ನಂಟು ಬಲವಾದ ಆಧಾರವಾಯಿತು. 2022ರಲ್ಲಿ ಈ ಎರಡೂ ಸಂಸ್ಥೆಗಳು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡವು.

ಕನ್ನಡದ ಅಭ್ಯಾಸಿಗೆ ಸಾಕ್ಷ್ಯಚಿತ್ರದಿಂದ ದೊರೆಯುವುದೇನು? ಗಿರೀಶ ಕಾರ್ನಾಡರು 1970ರ ದಶಕದ ಆರಂಭದಲ್ಲಿ ದ. ರಾ. ಬೇಂದ್ರೆಯವರನ್ನು ಕುರಿತು ಚಿತ್ರ ನಿರ್ಮಿಸಿದಾಗ ಕವಿ ನಮ್ಮೊಂದಿಗಿದ್ದರು. ಧಾರವಾಡದ ಮಾತಿನ ಏರಿಳಿತ, ಕೈಯ ಚಲನೆ, ಮಾತಿನ ನಡುವಿನ ಮೌನ ಇವು ಮುದ್ರಿತ ಪಠ್ಯದಲ್ಲಿ ಉಳಿಯುವ ಸಂಗತಿಗಳಲ್ಲ. ಅವರದೇ 'ಕನಕ ಪುರಂದರ' (1988) ಇದಕ್ಕಿಂತ ಭಿನ್ನ. ಅಲ್ಲಿ ವ್ಯಕ್ತಿಗಳು ಕಣ್ಣೆದುರಿಗಿಲ್ಲ. ಹಾಡು, ಸ್ಥಳ, ಪರಂಪರೆಗಳ ಮೂಲಕ ನಿರ್ದೇಶಕ ಅವರನ್ನು ಪುನರ್ರಚಿಸಬೇಕು. ಮೊದಲನೆಯದು ಸಾಕ್ಷ್ಯ, ಎರಡನೆಯದು ವ್ಯಾಖ್ಯಾನ. ಈ ವ್ಯತ್ಯಾಸವನ್ನು ಗುರುತಿಸದೆ ಎರಡನ್ನೂ ಸಮಾನ ಪ್ರಮಾಣವೆಂದು ಉದ್ಧರಿಸುವುದು ನಮ್ಮ ಪ್ರಬಂಧಗಳಲ್ಲಿ ಕಾಣುವ ಸಾಮಾನ್ಯ ದೋಷ. ಸಾಕ್ಷ್ಯಚಿತ್ರವನ್ನು ನೋಡುವಾಗ ಹಣ ಒದಗಿಸಿದವರು ಯಾರು, ಹಿನ್ನೆಲೆಯ ಧ್ವನಿ ಯಾರ ಪರವಾಗಿ ಮಾತಾಡುತ್ತಿದೆ, ಯಾವುದನ್ನು ತೋರಿಸಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಶಾಸನವನ್ನು ಓದುವಾಗ ಬರೆಸಿದ ದಾನಿ ಯಾರೆಂದು ಕೇಳುವ ನಾವು ಇಲ್ಲಿ ಮಾತ್ರ ಆ ಪ್ರಶ್ನೆಯನ್ನು ಮರೆಯುವುದೇಕೆ?

5

ಇಲ್ಲಿ ನನ್ನ ಅನುಭವವೊಂದನ್ನು ನಿವೇದಿಸಿಕೊಳ್ಳುವುದು ಅನುಚಿತವಾಗದೆಂದು ಭಾವಿಸುತ್ತೇನೆ. 1993ರಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಮುಂಬಯಿಯ ಒಂದು ವಾಚನಾಲಯದಲ್ಲಿ ಧಾರವಾಡದ ಮಾಸಪತ್ರಿಕೆಯೊಂದರ ಹನ್ನೊಂದು ಸಂಪುಟಗಳು ನನ್ನ ಕಣ್ಣಿಗೆ ಬಿದ್ದವು. ಒಂದು ಕಪಾಟಿನ ಕೆಳಗಿನ ಎರಡು ಸಾಲುಗಳಲ್ಲಿ ಅವು ಇದ್ದವು. ಗ್ರಂಥಪಾಲಕರು ಮರಾಠಿ ಮಾತಿನವರು. ಲಿಪಿ ಬಾರದಿದ್ದರೂ ಸಂಪುಟಗಳ ಬೆನ್ನಿಗೆ ತಾವೇ ಅಂಕಿ ಬರೆದ ಕಾಗದ ಅಂಟಿಸಿ ಕ್ರಮವಾಗಿ ಜೋಡಿಸಿದ್ದರು. ಒಂದೊಂದಾಗಿ ಅವನ್ನು ಎರವಲು ಪಡೆದು, ನನ್ನ ಪ್ರಬಂಧಕ್ಕೆ ಬೇಕಾದ ಲೇಖನಗಳನ್ನು ನಕಲು ಮಾಡಿಸಿಕೊಂಡೆ. ಪದವಿ ಬಂದಿತು, ಕೆಲಸ ದೊರೆಯಿತು. ತರಗತಿಯಲ್ಲಿ ಆ ನಕಲುಗಳನ್ನೇ ವಿದ್ಯಾರ್ಥಿಗಳಿಗೆ ಹಂಚುತ್ತ ಬಂದೆ.

ಹದಿನೆಂಟು ವರ್ಷಗಳ ಬಳಿಕ ಆ ಕಾಲದ ಓದುಗರ ಪತ್ರಗಳನ್ನು ಕುರಿತು ಕೆಲಸ ಮಾಡಬಯಸಿದ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿದ್ದವು. ಸ್ಥಳಾಭಾವದಿಂದ ಬಳಕೆಯಿಲ್ಲದ ಸಂಪುಟಗಳನ್ನು ರದ್ದಿಗೆ ಹಾಕಿದುದಾಗಿ ಹೊಸ ಗ್ರಂಥಪಾಲಕರು ತಿಳಿಸಿ, ನನ್ನ ಮುಖದ ಮೇಲಿನ ಅಸಮಾಧಾನವನ್ನು ಕಂಡು ಹಳೆಯ ಎರವಲು ದಾಖಲೆಯನ್ನು ತೆಗೆದು ಮುಂದಿಟ್ಟರು. ಆ ಸಂಪುಟಗಳ ಎದುರಿಗಿದ್ದ ಕೊನೆಯ ಸಹಿ ನನ್ನದೇ. ಅನಂತರ ಯಾರೂ ಅವನ್ನು ಕೇಳಿರಲಿಲ್ಲ. "ಬೇಕೆಂದು ಒಬ್ಬರಾದರೂ ಬಂದಿದ್ದರೆ ಇಟ್ಟುಕೊಳ್ಳುತ್ತಿದ್ದೆವು ಸರ್" ಎಂದರು. ಅವರನ್ನು ಆಕ್ಷೇಪಿಸುವ ನೈತಿಕ ಅಧಿಕಾರ ನನಗಿರಲಿಲ್ಲ. ನನ್ನಲ್ಲಿದ್ದ ನಕಲುಗಳಲ್ಲಿ ಲೇಖನಗಳಿದ್ದವು. ಓದುಗರ ಪತ್ರದ ಒಂದು ಪುಟವೂ ಇರಲಿಲ್ಲ. ಆ ವಿದ್ಯಾರ್ಥಿನಿ ವಿಷಯವನ್ನು ಬದಲಾಯಿಸಿಕೊಂಡಳು.

6

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಮಂಡಿಸಿದ ಎಸ್. ಆರ್. ರಂಗನಾಥನ್ ಸಂಗ್ರಹಕ್ಕಿಂತ ಬಳಕೆಯನ್ನು ಮೊದಲಿಗಿಟ್ಟವರು. ಆ ಮಾತನ್ನು ನಾವು ಗ್ರಂಥಪಾಲಕರ ಕರ್ತವ್ಯವೆಂದು ಓದುತ್ತೇವೆ. ಅದು ಓದುಗನ ಕರ್ತವ್ಯವೂ ಹೌದು. ಅಗ್ಗದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ, ಗರಿಗರಿಯಾಗಿ ಮುರಿಯುತ್ತದೆ. 1990ರ ದಶಕದಲ್ಲಿ ಗ್ರಂಥಾಲಯಗಳು ಸಂಗ್ರಹಿಸಿದ ವಿಡಿಯೊ ಕ್ಯಾಸೆಟ್ಟುಗಳು ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿಯುತ್ತವೆ. ಇಂದು ಬಹಳಷ್ಟು ಪುಸ್ತಕ, ಚಿತ್ರಗಳು ಅಂತರಜಾಲದಲ್ಲಿ ಲಭ್ಯವಿರುವುದು ದೊಡ್ಡ ಉಪಕಾರವೇ. ಆದರೆ ಯಾವುದನ್ನು ಮೊದಲು ಅಂಕೀಕರಿಸಬೇಕೆಂಬ ತೀರ್ಮಾನವೂ ಬೇಡಿಕೆಯನ್ನೇ ಅವಲಂಬಿಸಿದೆ. ಯಾರೂ ಕೇಳದ ಸಂಪುಟ ಯಂತ್ರದ ಮುಂದೆಯೂ ಬರುವುದಿಲ್ಲ.

ಆದುದರಿಂದ ಹೊರನಾಡಿನ ಕನ್ನಡ ವಿಭಾಗಗಳು ಎರಡು ಕೆಲಸಗಳನ್ನು ಕೈಗೊಳ್ಳಬಹುದು. ಒಂದು, ತಮ್ಮ ನಗರದ ಗ್ರಂಥಾಲಯಗಳಲ್ಲಿ ಯಾವ ಕನ್ನಡ ಪತ್ರಿಕೆಯ ಯಾವ ಸಂಪುಟ, ಸಂಚಿಕೆಗಳಿವೆ, ಯಾವುವು ಕೊರತೆಯಿವೆ ಎಂಬ ಸಂಯುಕ್ತ ಸೂಚಿಯನ್ನು ಸಿದ್ಧಪಡಿಸುವುದು. ಸ್ನಾತಕೋತ್ತರ ತರಗತಿಯ ಪ್ರತಿ ವಿದ್ಯಾರ್ಥಿಗೆ ಒಂದೊಂದು ಗ್ರಂಥಾಲಯವನ್ನು ವಹಿಸಿದರೆ ಒಂದು ಶೈಕ್ಷಣಿಕ ವರ್ಷದಲ್ಲಿ ಇದಕ್ಕೆ ಒಂದು ರೂಪ ಬರುತ್ತದೆ. ಎರಡು, ವಿದ್ಯಾರ್ಥಿಗಳಿಗೆ ನಕಲು ಹಂಚುವುದನ್ನು ಕಡಿಮೆ ಮಾಡಿ ಅವರನ್ನು ಮೂಲದ ಬಳಿಗೆ ಕಳುಹಿಸುವುದು. ಈ ಎರಡನೆಯದನ್ನು ನಾನು ತಡವಾಗಿ ಕಲಿತೆ. ಈಗ ನನ್ನ ತರಗತಿಯ ಮೊದಲ ನಿಯೋಜಿತ ಕಾರ್ಯ ಇಷ್ಟೇ: ಒಂದು ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಪಡೆದು, ಕನ್ನಡ ಪತ್ರಿಕೆಯ ಒಂದು ಹಳೆಯ ಸಂಪುಟವನ್ನು ಕೇಳಿ ಓದಿ, ದಾಖಲೆಯಲ್ಲಿ ಸಹಿ ಮಾಡಿ ಬರುವುದು. ಆ ಸಹಿಗೆ ಅಂಕಗಳಿವೆ. ಮುಂದೊಂದು ದಿನ ಕಪಾಟು ತೆರವುಗೊಳಿಸಲು ಬರುವವರ ಎದುರಿಗೆ ಕನ್ನಡದ ಪರವಾಗಿ ಮೊದಲು ಸಾಕ್ಷಿ ನುಡಿಯುವುದು ಅದೇ ಎಂಬುದು ನನ್ನ ನಂಬಿಕೆ.