ಬಾಯಿಲ್ಲದವರ ಸಂಗಡ ಹೋಗುವವರು

ಬಾಯಿದ್ದವನು ಬರಗಾಲದಲ್ಲಿಯೂ ಬದುಕುವನೆಂದು ನಮ್ಮ ಹಳ್ಳಿಗಳಲ್ಲಿ ಹೇಳುವದುಂಟು. ಹಾಗಾದರೆ ಬಾಯಿಲ್ಲದವರ ಗತಿಯೇನು? ಕಿವಿ ಕೇಳಿಸದ, ಕಣ್ಣು ಕಾಣಿಸದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳು ತಮ್ಮ ಹಕ್ಕನ್ನು ತಾವೇ ಕೇಳುವದು ಕಷ್ಟ. ಅವರ ತಂದೆತಾಯಿಗಳೂ ಅಧಿಕಾರಿಗಳ ಮುಂದೆ ನಿಂತಾಗ ಬಾಯಿದ್ದೂ ಇಲ್ಲದವರಂತಾಗುತ್ತಾರೆ. ಆದದರಿಂದ ಇಂಥವರ ಸಂಗಡ ಹೋಗಿ ಮಾತಾಡುವವರ ಕೆಲಸವೇನೆಂಬದನ್ನು, ಪ್ರಿಯ ವಾಚಕರೇ, ಈ ಪಾಠದಲ್ಲಿ ಆಲೋಚಿಸೋಣ.

ನಾವು ಬಲ್ಲ ಒಂದು ಹಳ್ಳಿಯಲ್ಲಿ ಹುಟ್ಟುಕಿವುಡಿಯಾದ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಆರು ವರುಷ ತುಂಬಿದಾಗ ತಾಯಿಯು ಅವಳನ್ನು ಊರ ಶಾಲೆಗೆ ಕರಕೊಂಡು ಹೋದಳು. "ಇವಳಿಗೆ ಇಲ್ಲಿ ಕಲಿಸಲಿಕ್ಕಾಗದಮ್ಮಾ, ಪಟ್ಟಣದ ಕಿವುಡರ ಶಾಲೆಗೆ ಸೇರಿಸು" ಎಂದು ಮುಖ್ಯೋಪಾಧ್ಯಾಯರು ಹೇಳಿ ಕಳುಹಿಸಿದರು. ಕೂಲಿಗೆ ಹೋಗುವವಳಿಗೆ ಪಟ್ಟಣದ ದಾರಿ ಎಲ್ಲಿಯದು? ಅವಳು ಬಂದು ನಮ್ಮ ಮುಂದೆ ಕಣ್ಣೀರಿಟ್ಟಾಗ ನಾವು ಸಮಾಧಾನದ ಮಾತು ಹೇಳಿ ಕಳುಹಿಸಿದೆವು. ಹೀಗೆ ಎರಡು ವರುಷಗಳು ಕಳೆದವು. ನಮ್ಮ ಸಮಾಧಾನದಿಂದ ಹುಡುಗಿಗೆ ಒಂದಕ್ಷರವಾದರೂ ಬರಲಿಲ್ಲ.

ಆಮೇಲೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತೆಯೊಬ್ಬರು ನಮಗೆ ಕಾಯಿದೆಯನ್ನು ತಿಳಿಸಿದರು. 1995ನೆಯ ಇಸವಿಯ ಕಾಯಿದೆಯು 7 ವಿಧದ ಅಂಗವೈಕಲ್ಯಗಳನ್ನು ಮಾತ್ರ ಎಣಿಸಿತ್ತು. 2016ನೆಯ ಇಸವಿಯ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ವಿಧಗಳನ್ನು ಎಣಿಸುತ್ತದೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರುಷದ ವರೆಗೆ ಧರ್ಮಾರ್ಥ ವಿದ್ಯಾಭ್ಯಾಸದ ಹಕ್ಕುಂಟು. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯು ಮಗುವಿನದು, ಶಾಲೆಯವರದಲ್ಲ. ಇದೇ ನಾವು ಅರಿಯದಿದ್ದ ಮಾತು.

ಸಂಗಡ ಹೋಗುವವನು ವಕೀಲನಾಗಿರಬೇಕೆಂದಿಲ್ಲ. ಆದರೆ ಅವನು ಮೂರು ಸಂಗತಿಗಳನ್ನು ಬಲ್ಲವನಾಗಿರಬೇಕು.

ಮೊದಲನೆಯದು, ಕೇಳುವದು. ಮಗುವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ತಾಯಿ. ಆಕೆಯ ಇಷ್ಟವನ್ನೂ ಮಗುವಿನ ಇಷ್ಟವನ್ನೂ ತಿಳಿಯದೆ ಬಾಯಿ ತೆರೆಯಬಾರದು. ಆಕೆಗೆ ಧೈರ್ಯ ಬಂದ ಮೇಲೆ ಆಕೆಯೇ ಮಾತಾಡಲಿ. ನಾವು ಪಕ್ಕದಲ್ಲಿ ಕೂತರೆ ಸಾಕು.

ಎರಡನೆಯದು, ಬರೆಯುವದು. ಬಾಯಿಮಾತಿನ ಬಿನ್ನಹಕ್ಕೆ ಬಾಯಿಮಾತಿನ ಉತ್ತರವೇ ಬರುವದು. ಅರ್ಜಿಯನ್ನು ಎರಡು ಪ್ರತಿಯಾಗಿ ಬರೆದು, ಒಂದರ ಮೇಲೆ ತಾರೀಖೂ ರುಜುವೂ ಪಡೆದು ಇಟ್ಟುಕೊಳ್ಳಬೇಕು. ವೈಕಲ್ಯದ ಪ್ರಮಾಣಪತ್ರವು ಇಲ್ಲದಿದ್ದರೆ ಅದನ್ನು ಮಾಡಿಸಿಕೊಡಬೇಕು.

ಮೂರನೆಯದು, ಜಗಳವಾಡದಿರುವದು. ಉಪಾಧ್ಯಾಯರು ವೈರಿಗಳಲ್ಲ, ಅನೇಕರಿಗೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿಯೇ ದೊರಕಿಲ್ಲ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರ ಸಹಾಯವನ್ನು ಅವರೂ ಕೇಳಬಹುದೆಂದು ತಿಳಿಸಬೇಕು. ಅಷ್ಟಕ್ಕೂ ಕೆಲಸವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೂ, ಕಡೆಗೆ ರಾಜ್ಯದ ಆಯುಕ್ತರಿಗೂ ದೂರು ಕೊಡುವ ದಾರಿಯುಂಟು.

ನಾವು ಆ ತಾಯಿಯ ಸಂಗಡ ಎರಡನೆಯ ಸಾರಿ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರು ಅರ್ಜಿಯನ್ನು ಓದಿ ಬಹಳ ಹೊತ್ತು ಸುಮ್ಮನಿದ್ದು, "ಕಲಿಸುವ ಬಗೆ ನನಗೆ ತಿಳಿಯದಲ್ಲಾ" ಅಂದರು. ಆಗ ತಾಯಿಯು, "ಮುಂದಿನ ಸಾಲಿನಲ್ಲಿ ಕೂಡ್ರಿಸಿರಿ ಸ್ವಾಮೀ, ಅವಳ ಕಡೆ ಮುಖ ಮಾಡಿ ಮಾತಾಡಿರಿ, ಮಿಕ್ಕದ್ದನ್ನು ನಾನೇ ತೋರಿಸಿಕೊಡುತ್ತೇನೆ" ಅಂದಳು. ನಾವು ಕಲಿತು ಹೋಗಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಆ ದಿನವೇ ಹುಡುಗಿಯ ಹೆಸರು ದಾಖಲೆಯಲ್ಲಿ ಸೇರಿತು. ಕಿವಿಯ ಯಂತ್ರವು ಬಹು ತಡವಾಗಿ ಬಂತು; ಕಲಿಕೆ ಇನ್ನೂ ನಿಧಾನವೇ. ಆದರೂ ಅವಳು ಈಗ ತನ್ನ ಹೆಸರನ್ನು ತಾನೇ ಬರೆಯುತ್ತಾಳೆ.

ಕಳೆದುಹೋದ ಆ ಎರಡು ವರುಷಗಳನ್ನು ನಾವು ಹಿಂದಕ್ಕೆ ಕೊಡಲಾರೆವು. ವಾಚಕರೇ, ನಿಮ್ಮ ಓಣಿಯಲ್ಲಿ ಶಾಲೆಗೆ ಹೋಗದೆ ಬಾಗಿಲಲ್ಲಿ ಕೂತಿರುವ ಮಗು ಯಾರದು? ಈ ವಾರದಲ್ಲಿಯೇ ಆ ಮನೆಗೆ ಹೋಗಿರಿ. ಬರಿದಾದ ಸಮಾಧಾನವನ್ನು ಹೇಳಿ ಬರಬೇಡಿರಿ, ಸಂಗಡ ಹೊರಡಿರಿ.