ಸದ್ದಿಲ್ಲದ ಲ್ಯೂರ್‌ಗಳ ಋತು

2025ರ ಮಾರ್ಚ್‌ನಲ್ಲಿ ಉತ್ತರ ಟೆಕ್ಸಸ್‌ನ ರೇ ರಾಬರ್ಟ್ಸ್ ಜಲಾಶಯದಲ್ಲಿ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ನಡೆಯಿತು. ಗಾಳ ಹಾಕಿ ಬ್ಯಾಸ್ ಮೀನು ಹಿಡಿಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಪಂದ್ಯವಿಲ್ಲ. ಮೊದಲ ಕ್ಲಾಸಿಕ್ ನಡೆದದ್ದು 1971ರಲ್ಲಿ, ಲೇಕ್ ಮೀಡ್‌ನಲ್ಲಿ. ರೇ ರಾಬರ್ಟ್ಸ್‌ನಲ್ಲಿ ಗೆದ್ದವನು ಮಿನ್ನೆಸೋಟದ ಯುವಕ ಈಸ್ಟನ್ ಫಾದರ್‌ಗಿಲ್. ದಿನಕ್ಕೆ ಐದರಂತೆ ಮೂರು ದಿನ ಅವನು ತಕ್ಕಡಿಗೆ ಹಾಕಿದ ಮೀನುಗಳ ಒಟ್ಟು ತೂಕ 76 ಪೌಂಡ್ 15 ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 35 ಕಿಲೊ. ದಿನಕ್ಕೆ ಐದು ಮೀನಿನ ಮಿತಿಯಿರುವ ಕ್ಲಾಸಿಕ್‌ಗಳಲ್ಲಿ ಅಷ್ಟು ತೂಕವನ್ನು ಹಿಂದೆ ಯಾರೂ ತಂದಿರಲಿಲ್ಲ.

ಡಲ್ಲಾಸ್ ಸುತ್ತಮುತ್ತ ಇರುವ ನನ್ನಂಥವರಿಗೆ ಆ ಜಲಾಶಯ ಕಾರಿನಲ್ಲಿ ಗಂಟೆಯ ದಾರಿ. ಪಂದ್ಯ ಮುಗಿದ ಮೇಲೆ ಇಲ್ಲಿನ ಅಂಗಡಿಗಳಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಬಗೆಯ ಸರಕು: ನಾಲ್ಕೈದು ಅಂಗುಲದ ತೆಳು ಪ್ಲಾಸ್ಟಿಕ್ ಮೀನು. ಅದರ ಬಾಲ ಪಟಪಟನೆ ಬಡಿಯುವುದಿಲ್ಲ, ಹೊಟ್ಟೆಯೊಳಗೆ ಗಲಗಲ ಅನ್ನುವ ಗುಂಡುಗಳಿಲ್ಲ, ಮಿನುಗುವ ತಗಡೂ ಇಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಇದಕ್ಕೇಕೆ ದುಡ್ಡು ಕೊಡಬೇಕು ಅನಿಸುತ್ತದೆ. ಆದರೆ ಕಳೆದ ಋತುವಿನಲ್ಲಿ ಬಗೆಬಗೆಯ ಲ್ಯೂರ್‌ಗಳನ್ನು, ಅಂದರೆ ಇಂಥ ಕೃತಕ ಎರೆಗಳನ್ನು, ಎಸೆದು ನೋಡಿದ ಮೇಲೆ ನನಗೆ ಮನದಟ್ಟಾದದ್ದು ಇದು: ಜನ ಹೆಚ್ಚಾಗಿ ಗಾಳ ಹಾಕುವ ಕೆರೆಗಳಲ್ಲಿ ತಾನಾಗಿ ಏನೂ ಮಾಡದ ಲ್ಯೂರ್‌ಗೇ ಮೀನು ಹೆಚ್ಚು ಬಾಯಿ ಹಾಕುತ್ತದೆ. ಅದಕ್ಕೆ ಕಾರಣವೂ ಇದೆ, ಅಪವಾದಗಳೂ ಇವೆ.

ಮೊದಲು ಮೀನಿನ ವಿಷಯ. ಇಲ್ಲಿ ಎಲ್ಲರೂ ಬೆನ್ನು ಹತ್ತುವುದು ಲಾರ್ಜ್‌ಮೌತ್ ಬ್ಯಾಸ್ ಅನ್ನು. ಹಸಿರು ಮೈ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಚಾಚಿದ ಬಾಯಿ. ಹೊಂಚು ಹಾಕಿ ಬೇಟೆಯಾಡುವ ಜಾತಿ ಇದು. ಮರದ ಬೊಡ್ಡೆ, ಜೊಂಡು, ದೋಣಿಕಟ್ಟೆಯ ನೆರಳು ಇಂಥ ಕಡೆ ನಿಂತು, ಎದುರು ಬಂದ ಚಿಕ್ಕ ಮೀನನ್ನು ನೀರಿನ ಸಮೇತ ಒಳಕ್ಕೆಳೆದುಕೊಳ್ಳುತ್ತದೆ. ಜಾರ್ಜಿಯಾದಲ್ಲಿ 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ಮೀನು ಇಂದಿಗೂ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದಕ್ಕೆ ಸಮನಾಯಿತು. ಹಿಡಿದವರಲ್ಲಿ ಬಹುಪಾಲು ಜನ ಮೀನನ್ನು ಮರಳಿ ನೀರಿಗೇ ಬಿಡುತ್ತಾರೆ. ಹಾಗೆ ಬಿಟ್ಟ ಮೀನು ಮತ್ತೆ ಮತ್ತೆ ಗಾಳ ಕಾಣುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಆ ತೆಳು ಪ್ಲಾಸ್ಟಿಕ್ ಮೀನಿಗೆ ಬರೋಣ. ಗುಂಡನೆಯ ಸಣ್ಣ ಸೀಸದ ತಲೆಗೆ ಕೊಕ್ಕೆ ಎರಕವಾಗಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಮೀನನ್ನು ನೇರವಾಗಿ ಪೋಣಿಸಿದರೆ ಆಯಿತು, ಜಿಗ್‌ಹೆಡ್ ಮಿನ್ನೋ ಅನ್ನುತ್ತಾರೆ. ಫಿನ್ಲೆಂಡಿನ ರಪಾಲಾ ಕಂಪನಿ ಮೆತ್ತನೆ ಪ್ಲಾಸ್ಟಿಕ್‌ಗೆಂದೇ ಕ್ರಶ್‌ಸಿಟಿ ಹೆಸರಿನಲ್ಲಿ ತಂದ ಸಾಲಿನ ಮೂಚ್ ಮಿನ್ನೋ ಕಳೆದ ಋತುವಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಹೊಸ ಲ್ಯೂರ್. ಕಂಪನಿಯ ಮೂಲಪುರುಷ ಲೌರಿ ರಪಾಲಾ 1936ರಲ್ಲಿ ಬೆಂಡಿನ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿಹಾಳೆ ಸುತ್ತಿ ತನ್ನ ಮೊದಲ ಲ್ಯೂರ್ ಮಾಡಿದ. ಗಾಯಗೊಂಡ ಮೀನು ಓಲಾಡುತ್ತ ಈಜುವುದನ್ನು ಅನುಕರಿಸುವುದೇ ಅವನ ಇಡೀ ಕಸುಬು. ಅದೇ ಕಂಪನಿಯ ಈ ಪ್ಲಾಸ್ಟಿಕ್ ಮೀನು ಸುಮ್ಮನೆ ಎಳೆದರೆ ಓಲಾಡುವುದೇ ಇಲ್ಲ.

ಓಲಾಡಿಸುವ ಕೆಲಸ ಕೈಯದು. ದಾರವನ್ನು ತುಸು ಸಡಿಲ ಬಿಟ್ಟು, ರಾಡಿನ ತುದಿಯನ್ನು ಒಂದೇ ಲಯದಲ್ಲಿ ಅಲುಗಿಸುತ್ತ, ರೀಲನ್ನು ತೀರಾ ನಿಧಾನಕ್ಕೆ ಸುತ್ತಬೇಕು. ಆಗ ಪ್ಲಾಸ್ಟಿಕ್ ಮೀನು ಇದ್ದ ಆಳದಲ್ಲೇ ಮುಂದೆ ಸಾಗುತ್ತ ಬೆನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತದೆ, ಹೊಟ್ಟೆಯ ಬಿಳಿ ಮಿಂಚಿ ಮರೆಯಾಗುತ್ತದೆ. ಜಪಾನಿನವರು ಈ ವಿದ್ಯೆಯನ್ನು ಮಿಡ್‌ಸ್ಟ್ರೋಲಿಂಗ್ ಎಂಬ ಹೆಸರಿನಲ್ಲಿ ಹಿಂದಿನಿಂದಲೂ ಬಳಸುತ್ತಿದ್ದಾರೆ. ಕೈ ಪಳಗಲು ನನಗೆ ವಸಂತದ ಅರ್ಧ ಭಾಗವೇ ಹಿಡಿಯಿತು. ಅಲುಗಾಟ ಜೋರಾದರೆ ಲ್ಯೂರ್ ನೆಗೆಯುತ್ತದೆ, ದಾರ ಬಿಗಿಯಾದರೆ ಹೊರಳುವುದನ್ನೇ ನಿಲ್ಲಿಸುತ್ತದೆ. ಮೊಣಕಾಲುದ್ದದ ತಿಳಿನೀರಿನಲ್ಲಿ, ಕಣ್ಣಿಗೆ ಕಾಣುವಂತೆ ಎಳೆದು ಅಭ್ಯಾಸ ಮಾಡುವುದೇ ಸುಲಭದ ದಾರಿ.

ಇದಕ್ಕೊಬ್ಬ ಅಣ್ಣನೂ ಇದ್ದಾನೆ. ಕೆನಡಾದ ಜೆಫ್ ಗುಸ್ಟಾಫ್‌ಸನ್ 2023ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಕ್ಲಾಸಿಕ್ ಗೆದ್ದದ್ದು ಇಂಥದೇ ಲ್ಯೂರನ್ನು ದೋಣಿಯ ಕೆಳಗೆ ನೇರವಾಗಿ ಇಳಿಬಿಟ್ಟು, ಮೀನಿಗಿಂತ ಸ್ವಲ್ಪ ಮೇಲೆ ಬಹುತೇಕ ಅಲುಗಾಡಿಸದೆ ಹಿಡಿದು. ಆ ಪಟ್ಟ ಗೆದ್ದ ಮೊದಲ ಕೆನಡಿಗ ಅವನು.

ಈ ಲ್ಯೂರ್‌ಗಳ ಜೊತೆಗೆ ಬಳಸುವ ಸೋನಾರ್ ಬಗ್ಗೆ ಒಂದು ದೊಡ್ಡ ಜಗಳವೂ ನಡೆದಿದೆ. ಗಾರ್ಮಿನ್ ಕಂಪನಿ 2018ರಲ್ಲಿ ತಂದ ಲೈವ್‌ಸ್ಕೋಪ್, ಆಮೇಲೆ ಬಂದ ಅದರ ಪೈಪೋಟಿಯ ಸಾಧನಗಳು ದೋಣಿಯ ಮುಂದಿರುವ ನೀರನ್ನು ಶಬ್ದದ ಅಲೆಗಳಿಂದ ಜಾಲಾಡಿ, ಮೀನು ಎಲ್ಲಿದೆ, ಲ್ಯೂರ್ ಎಲ್ಲಿದೆ, ಮೀನು ತಿರುಗಿ ನೋಡಿತೇ ಎಂಬುದನ್ನು ಆ ಕ್ಷಣದಲ್ಲೇ ತೆರೆಯ ಮೇಲೆ ತೋರಿಸುತ್ತವೆ. ಜಿಗ್‌ಹೆಡ್ ಮಿನ್ನೋ ಇಷ್ಟು ಹೆಸರು ಮಾಡಿದ್ದು ಈ ಸೋನಾರ್‌ನಿಂದಲೇ. ಮೇಜರ್ ಲೀಗ್ ಫಿಶಿಂಗ್ ಸಂಸ್ಥೆ 2025ರ ಬ್ಯಾಸ್ ಪ್ರೊ ಟೂರ್‌ನಲ್ಲಿ ದಿನದ ಮೂರು ಅವಧಿಗಳ ಪೈಕಿ ಒಂದರಲ್ಲಿ ಮಾತ್ರ ಅದನ್ನು ಬಳಸಬಹುದೆಂದು ಕಡಿವಾಣ ಹಾಕಿತು. ನನಗೆ ಈ ಕಡಿವಾಣ ಸರಿ ಅನಿಸುತ್ತದೆ. ಪಂದ್ಯ ನೋಡುವವರಿಗೆ ನೀರು ಓದುವ ಜಾಣ್ಮೆ ಕಾಣಬೇಕು, ತೆರೆಗೆ ಬಾಗಿದ ಬೆನ್ನಲ್ಲ. ಆದರೆ ಆ ಸಿಟ್ಟನ್ನು ಲ್ಯೂರ್ ಮೇಲೆ ತೀರಿಸಿಕೊಳ್ಳಬೇಕಾಗಿಲ್ಲ. ನನ್ನ ಕಯಾಕ್‌ನಲ್ಲಿ ಸೋನಾರ್ ಇಲ್ಲ. ಲ್ಯೂರ್ ನೀರಿಗೆ ಬಿದ್ದ ಕೂಡಲೇ ಮನಸ್ಸಿನಲ್ಲಿ ಎಣಿಸುತ್ತ ಹೋಗಿ, ಎಂಟಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ ಎಳೆಯಲು ಶುರುಮಾಡಿದರೆ ಮೀನು ನಿಂತ ಆಳ ತಾನೇ ಗೊತ್ತಾಗುತ್ತದೆ. ಬ್ಯಾಸ್ ಕೆಳಗಿನಿಂದ ಮೇಲೆ ನೋಡುತ್ತ ನಿಲ್ಲುವುದರಿಂದ ಲ್ಯೂರ್ ಅದರ ತಲೆಗಿಂತ ಮೇಲೆ ಹೋಗಬೇಕು. ಅಡಿಯಿಂದ ಹೋದದ್ದು ಅದರ ಕಣ್ಣಿಗೆ ಬೀಳುವುದೇ ಕಷ್ಟ.

ಎರಡನೆಯ ಮೆಚ್ಚಿನದು ನೆಡ್ ರಿಗ್. ಇದು ಹೊಸ ಕಲ್ಪನೆಯಲ್ಲ, ನನ್ನ ಪೆಟ್ಟಿಗೆಗೆ ಹೊಸದು. ಕ್ಯಾನ್ಸಾಸ್‌ನ ಬರಹಗಾರ ನೆಡ್ ಕೆಹ್ಡಿ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಅಣಬೆಯ ಆಕಾರದ ಹಗುರ ತಲೆ, ಅದಕ್ಕೆ ಮೂರು ಅಂಗುಲಕ್ಕೂ ಕಡಿಮೆ ಉದ್ದದ ಮೋಟು ಪ್ಲಾಸ್ಟಿಕ್ ಕಡ್ಡಿ. ಅಷ್ಟೇ. ಜೀ-ಮ್ಯಾನ್ ಕಂಪನಿ ಈ ಕಡ್ಡಿಗೆ ಇಲಾಜ್‌ಟೆಕ್ ಎಂಬ ಬೇರೆಯದೇ ವಸ್ತು ಬಳಸುತ್ತದೆ. ಅದು ರಬ್ಬರಿನಂತೆ ಹಿಗ್ಗುತ್ತದೆ, ಮುಖ್ಯವಾಗಿ ನೀರಿನಲ್ಲಿ ತೇಲುತ್ತದೆ.

ತೇಲುವುದರಿಂದ ಏನಾಗುತ್ತದೆಂದು ನೋಡಲು ಅಡುಗೆಮನೆಯ ಗಾಜಿನ ಪಾತ್ರೆಯೇ ಸಾಕು. ನೀರು ತುಂಬಿ, ರಿಗ್ಗನ್ನು ದಾರಕ್ಕೆ ಕಟ್ಟಿ ಒಳಗೆ ಬಿಟ್ಟೆ. ತಲೆ ತಳಕ್ಕೆ ತಾಗಿ ನಿಂತಿತು, ಕಡ್ಡಿ ಮಲಗಲಿಲ್ಲ. ಬಾಲ ಮೇಲಕ್ಕೆ ಮಾಡಿ, ಓರೆಯಾಗಿ ನಿಂತುಕೊಂಡೇ ಇತ್ತು. ದಾರವನ್ನು ಕೂದಲೆಳೆಯಷ್ಟು ಎಳೆದರೆ ಬಾಲ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಪಕ್ಕದಲ್ಲೇ ಸಾಮಾನ್ಯ ಪ್ಲಾಸ್ಟಿಕ್ ಹುಳು ಬಿಟ್ಟೆ, ಅದು ತಳದಲ್ಲಿ ಚಪ್ಪಟೆಯಾಗಿ ಬಿದ್ದುಕೊಂಡಿತು. ಕೆರೆಯ ತಳದಲ್ಲಿ ಕಲ್ಲು ಕೆದಕಿ ತಿನ್ನುವ ಚಿಕ್ಕ ಮೀನೂ ಹೀಗೇ ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಬೆದರಿದ ಕ್ರೇಫಿಶ್ ಕೂಡ ಚಿಮಟ ಎತ್ತಿ ಇದೇ ಭಂಗಿಯಲ್ಲಿ ನಿಲ್ಲುತ್ತದೆ. ಎಸೆದು, ತಳ ಮುಟ್ಟಿಸಿ, ಕೈ ಕಟ್ಟಿ ಕೂತರೂ ಲ್ಯೂರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇಲಾಜ್‌ಟೆಕ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಬೇರೆ ಪ್ಲಾಸ್ಟಿಕ್ ಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಎರಡೂ ಕರಗಿ ಅಂಟಿನ ಮುದ್ದೆಯಾಗುತ್ತವೆ. ಬಂದ ಪೊಟ್ಟಣದಲ್ಲೇ ಇಟ್ಟರೆ ಕ್ಷೇಮ.

ಸುಮ್ಮನಿರುವ ಲ್ಯೂರ್‌ಗೆ ಮೀನು ಯಾಕೆ ಬೀಳುತ್ತದೆ? ಇಲಿನಾಯ್‌ನ ರಿಜ್ ಲೇಕ್‌ನಲ್ಲಿ 1970ರ ದಶಕದಲ್ಲಿ ಶುರುವಾದ ದೀರ್ಘ ಅಧ್ಯಯನವೊಂದು ಉತ್ತರದ ಒಂದು ತುದಿಯನ್ನು ಹಿಡಿದುಕೊಟ್ಟಿದೆ. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಸುಲಭವಾಗಿ ಗಾಳಕ್ಕೆ ಬಿದ್ದ ಬ್ಯಾಸ್‌ಗಳನ್ನೂ ಬೀಳದೇ ಉಳಿದವನ್ನೂ ಬೇರೆ ಬೇರೆಯಾಗಿ ಮರಿ ಮಾಡಿಸಿ, ಪೀಳಿಗೆಯಿಂದ ಪೀಳಿಗೆಗೆ ಪರೀಕ್ಷಿಸಿದರು. ಗಾಳಕ್ಕೆ ಬೀಳುವ ಗುಣ ಒಂದಿಷ್ಟು ಮಟ್ಟಿಗೆ ತಂದೆತಾಯಿಯಿಂದ ಮರಿಗೆ ಬರುತ್ತದೆಂದು ಗೊತ್ತಾಯಿತು. ಜನಜಂಗುಳಿಯ ಕೆರೆಗಳಲ್ಲಿ ಮುನ್ನುಗ್ಗುವ ಸ್ವಭಾವದ ಮೀನು ಮೊದಲು ಸಿಕ್ಕಿಬೀಳುತ್ತದೆ, ಹಿಂಜರಿಯುವ ಮೀನು ಉಳಿದುಕೊಳ್ಳುತ್ತದೆ. ಆ ಹಿಂಜರಿಯುವ ಮೀನಿನ ಮುಂದೆ ದಿನವಿಡೀ ಗಲಗಲ ಅನ್ನುವ ಲ್ಯೂರ್‌ಗಳು ಹಾದುಹೋಗುತ್ತಿರುವಾಗ, ಸದ್ದು ಮಾಡದ ಒಂದು ಬಂದರೆ ಅದಕ್ಕೆ ಬಾಯಿ ಹಾಕುವುದು ಸಹಜ ಎಂಬುದು ನನ್ನ ತರ್ಕ.

ಬಣ್ಣದ ವಿಷಯದಲ್ಲೂ ಇಲಿನಾಯ್ ವಿಶ್ವವಿದ್ಯಾಲಯದ ಇನ್ನೊಂದು ಸಂಶೋಧನೆ ನನ್ನ ಖರ್ಚು ಉಳಿಸಿದೆ. ಬ್ಯಾಸ್‌ಗಳಿಗೆ ಬಣ್ಣ ಗುರುತಿಸಲು ತರಬೇತಿ ಕೊಟ್ಟು ನೋಡಿದಾಗ, ಅವು ಕೆಂಪು ಮತ್ತು ಹಸಿರನ್ನು ಚೆನ್ನಾಗಿ ಗುರುತಿಸಿದವು. ಹಸಿರುಮಿಶ್ರಿತ ಹಳದಿಯ ಶಾರ್ಟ್ರೂಸ್‌ಗೂ ಬಿಳಿಗೂ, ಕಡುನೀಲಿಗೂ ಕಪ್ಪಿಗೂ ಗೊಂದಲ ಮಾಡಿಕೊಂಡವು. ಅಂಗಡಿಯಲ್ಲಿ ಒಂದೇ ಲ್ಯೂರ್‌ಗೆ ಮೂವತ್ತು ಬಣ್ಣ ಇರುತ್ತದೆ. ತಿಳಿನೀರಿಗೆ ಮಾಸಲು ಹಸಿರು, ಚಿಕ್ಕ ಶ್ಯಾಡ್ ಮೀನುಗಳ ಗುಂಪು ಇರುವಲ್ಲಿ ಬಿಳಿ, ಕದಡಿದ ನೀರಿಗೆ ಕಪ್ಪು. ಈಗ ನಾನು ಕೊಳ್ಳುವುದು ಈ ಮೂರನ್ನೇ.

ಇನ್ನು ಅಪವಾದ. ಮೇ ತಿಂಗಳ ಜೋರು ಮಳೆಗೆ ಹಳ್ಳಗಳು ಕೆಂಪು ನೀರನ್ನು ತಂದು ಸುರಿದಾಗ ಸುಮ್ಮನಿರುವ ಲ್ಯೂರ್ ಯಾರಿಗೂ ಕಾಣುವುದಿಲ್ಲ. ಅಂಥ ನೀರಿನಲ್ಲಿ ಬ್ಯಾಸ್ ಪಕ್ಕೆಯ ಗುಂಟ ಇರುವ ಸಂವೇದನಾ ರೇಖೆಯಿಂದ ಕಂಪನ ಗ್ರಹಿಸಿ ಬೇಟೆಯಾಡುತ್ತದೆ. ಆಗ ಬೇಕಾದದ್ದು ಚ್ಯಾಟರ್‌ಬೇಟ್. ಸೌತ್ ಕ್ಯಾರೊಲೈನಾದ ರಾನ್ ಡೇವಿಸ್ ರೂಪಿಸಿದ ಈ ಲ್ಯೂರ್‌ನ ಮೂತಿಗೆ ಷಟ್ಕೋನದ ತಗಡು ಕಟ್ಟಿರುತ್ತದೆ. ಎಳೆದಾಗ ತಗಡು ತಲೆಗೆ ಬಡಿದು ರಾಡಿನ ಹಿಡಿಯವರೆಗೂ ಗುದ್ದು ಕೊಡುತ್ತದೆ. ಪಂದ್ಯಗಾರ ಬ್ರೆಟ್ ಹೈಟ್ ಜೊತೆಗೂಡಿ ರೂಪಿಸಿದ ಜ್ಯಾಕ್‌ಹ್ಯಾಮರ್ ಮಾದರಿ ಒಂದಕ್ಕೇ 16 ಡಾಲರ್ ಆಸುಪಾಸು. ಬೆಲೆ ಹೆಚ್ಚೇ, ಆದರೆ ತೀರಾ ನಿಧಾನಕ್ಕೆ ಎಳೆದರೂ ತಗಡು ತಕ್ಷಣ ಬಡಿಯಲು ತೊಡಗುತ್ತದೆ, ಅಗ್ಗದ ನಕಲುಗಳಲ್ಲಿ ಅದು ಆಗುವುದಿಲ್ಲ. ಶ್ಯಾಡ್ ಮೀನುಗಳು ಬೆಳಗಿನ ಜಾವ ದಡದ ಕಲ್ಲುಗಳ ಮೇಲೆ ಮೊಟ್ಟೆ ಇಡುವ ವಾರಗಳಲ್ಲಂತೂ ಬಿಳಿ ಚ್ಯಾಟರ್‌ಬೇಟ್‌ಗೆ ಸಾಟಿಯಿಲ್ಲ. ಬಿಸಿಲೇರಿದರೆ ಅದರ ಆಟವೂ ಮುಗಿಯಿತು.

ಬೇಸಿಗೆಯಲ್ಲಿ ಟೆಕ್ಸಸ್‌ನದೇ ಇನ್ನೊಂದು ಜಲಾಶಯ ಲೇಕ್ ಫೋರ್ಕ್‌ನ ಜೊಂಡಿನ ಮೇಲೆ ಟೊಳ್ಳು ಹೊಟ್ಟೆಯ ಕಪ್ಪೆ ಲ್ಯೂರ್ ನಡೆಸುವುದು ಇನ್ನೊಂದು ಸೊಗಸು. ಕೊಕ್ಕೆಗಳು ಕಪ್ಪೆಯ ಬೆನ್ನಿಗೆ ಒರಗಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಇದೇ ಕಪ್ಪೆಯಿಂದ ನಮ್ಮ ಕರ್ನಾಟಕದ ಕೆರೆಗಳಲ್ಲಿ ಹುಡುಗರು ಮುರೆಲ್ ಮೀನು ಹಿಡಿಯುತ್ತಾರೆ. ನಾನು ಊರಿಗೆ ಹೋಗುವಾಗ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಪ್ರತಿ ಸಲವೂ ಹೇಳುತ್ತಾನೆ, “ಮಾರಾಯ, ಸೀರೆ ಚಾಕೊಲೇಟ್ ಆಮೇಲೆ, ಮೊದಲು ಎರಡು ಕಪ್ಪೆ ತಗೊಂಡು ಬಾ.” ಎರಡು ಮೀನಿಗೂ ಒಂದೇ ಪಾಠ: ನೀರು ಸಿಡಿದ ಕೂಡಲೇ ರಾಡ್ ಎತ್ತಬಾರದು. ದಾರ ಭಾರವಾಗುವವರೆಗೆ ಕಾದರೆ ಮೀನು ಕಪ್ಪೆಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡಿರುತ್ತದೆ.

ಫೋರ್ಕ್‌ಗೆ ಹೋಗುವವರು ಅಲ್ಲಿನ ನಿಯಮ ತಿಳಿದಿರಬೇಕು. 16ರಿಂದ 24 ಅಂಗುಲದೊಳಗಿನ ಬ್ಯಾಸ್ ಸಿಕ್ಕರೆ ಕೂಡಲೇ ಬಿಡಬೇಕು. 24 ಅಂಗುಲ ಮುಟ್ಟಿದ ಮೀನು ದಿನಕ್ಕೆ ಒಂದೇ. 1992ರ ಜನವರಿಯಲ್ಲಿ 18.18 ಪೌಂಡಿನ ರಾಜ್ಯದಾಖಲೆ ಕೊಟ್ಟ ಜಲಾಶಯ ಅದು, ಇಂದಿಗೂ ದೊಡ್ಡ ಮೀನು ಕೊಡುತ್ತಿರುವುದಕ್ಕೆ ಈ ಕಟ್ಟುನಿಟ್ಟೂ ಕಾರಣ. ಹರಿದ ಪ್ಲಾಸ್ಟಿಕ್ ಹುಳು, ಮೀನುಗಳನ್ನು ನೀರಿಗೆ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವು ಕೊಳೆಯುವುದಿಲ್ಲ, ಮೀನಿನ ಹೊಟ್ಟೆ ಸೇರಿ ಉಬ್ಬುತ್ತವೆ. ಕಯಾಕ್‌ನಲ್ಲಿ ಒಂದು ಖಾಲಿ ಬಾಟಲಿ ಇಟ್ಟುಕೊಂಡರೆ ದಿನದ ಕಸವೆಲ್ಲ ಅದರಲ್ಲೇ ಹಿಡಿಸುತ್ತದೆ.

ಮುಂದಿನ ಫೆಬ್ರವರಿಗೆ ಎರಡು ರಾಡ್ ಸಾಕು ಎಂದುಕೊಂಡಿದ್ದೇನೆ. ಒಂದಕ್ಕೆ 1/8 ಔನ್ಸ್ ತಲೆಯ ಮಿನ್ನೋ, ಹಳ್ಳಗಳು ಜಲಾಶಯ ಸೇರುವ ಬಾಯಿಗಳಲ್ಲಿ ಮೊಟ್ಟೆಯಿಡುವ ಮುಂಚಿನ ಹೆಣ್ಣುಮೀನುಗಳು ನಿಲ್ಲುವ ಆಳಕ್ಕೆ. ಇನ್ನೊಂದಕ್ಕೆ ಮಾಸಲು ಹಸಿರು ನೆಡ್, ದೋಣಿಕಟ್ಟೆಯ ಕಂಬಗಳ ಬುಡಕ್ಕೆ. ಜ್ಯಾಕ್‌ಹ್ಯಾಮರ್ ಪೆಟ್ಟಿಗೆಯಲ್ಲೇ ಇರಲಿ, ಮಳೆ ಬಂದರೆ ತೆಗೆದರಾಯಿತು.