ನಾಗಪುರ ಪೀಠವೂ ಬಂಧಿತನ ಅರ್ಜಿಯೂ
1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧ ತೊಡಗಿದಾಗ ಘೋಷಿತವಾದ ತುರ್ತುಪರಿಸ್ಥಿತಿ, ಯುದ್ಧ ಎರಡು ವಾರಗಳೊಳಗೆ ಮುಗಿದರೂ 1977ರ ಮಾರ್ಚ್‌ವರೆಗೆ ತೆರವಾಗಲಿಲ್ಲ. ಇದನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ. 1975ರಲ್ಲಿ ಅದರ ಮೇಲೆಯೇ ಆಂತರಿಕ ತುರ್ತುಪರಿಸ್ಥಿತಿಯೂ ಬಂದಿತು. ಆಗ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಹೇಳಿದ ಉಚ್ಚ ನ್ಯಾಯಾಲಯಗಳಲ್ಲಿ ಮುಂಬಯಿಯ ನಾಗಪುರ ಪೀಠವೂ ಕರ್ನಾಟಕವೂ ಸೇರಿದ್ದವು. ಪ್ರಶ್ನೆ ಬಂಧನ ಯುಕ್ತವೇ ಎಂಬುದಲ್ಲ. ಅದು ಕಾನೂನಿಗೆ ಅನುಗುಣವೇ ಎಂದು ನ್ಯಾಯಾಲಯ ಕೇಳಬಹುದೇ ಎಂಬುದು. ಕೇಳಲಾಗದೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ 4:1ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತ ಎಚ್.ಆರ್. ಖನ್ನಾ ಅವರೊಬ್ಬರದೇ. 1978ರ 44ನೆಯ ತಿದ್ದುಪಡಿ, ಯುದ್ಧಕಾಲದಲ್ಲಿಯೂ 21ನೆಯ ವಿಧಿಯ ಹಕ್ಕನ್ನು ಅಮಾನತಿನಲ್ಲಿಡದಂತೆ ಮಾಡಿತು. ಆ ತೀರ್ಪು ತಳ್ಳಿಹಾಕಲ್ಪಟ್ಟದ್ದು ಮಾತ್ರ 2017ರಲ್ಲಿ. ಅದೂ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.